ಒಂದು ನಂಜಿನ ವಂಶಾವಳಿ

2000ನೇ ಇಸವಿಯ ಮುಂಗಾರಿನಲ್ಲಿ ಅನಂತಪುರ ಜಿಲ್ಲೆಯ ಕಡಲೆಕಾಯಿ ಹೊಲಗಳು ಕಪ್ಪಿಡತೊಡಗಿದವು. ಬೆಳೆ ಒಣಗುವುದು ಆ ಸೀಮೆಗೆ ಹೊಸದಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಬದುಕು ಸಾಗಿಸುವ ನೆಲ ಅದು. ಮಳೆ ಕೈಕೊಟ್ಟಾಗ ಗಿಡ ಹೇಗೆ ಬಾಡುತ್ತದೆಂದು ಅಲ್ಲಿನ ಮಕ್ಕಳಿಗೂ ಗೊತ್ತು: ಮಧ್ಯಾಹ್ನ ಎಲೆ ಜೋತುಬೀಳುತ್ತದೆ, ಸಂಜೆ ತುಸು ತಲೆಯೆತ್ತುತ್ತದೆ, ದಿನಗಟ್ಟಲೆ ಹೀಗೆ ಆಸೆ ತೋರಿಸಿ ಕೊನೆಗೊಮ್ಮೆ ಕೈಬಿಡುತ್ತದೆ. ಈ ಸಲ ಹಾಗಾಗಲಿಲ್ಲ. ಮೊದಲು ತುದಿಯ ಎಳೆ ಎಲೆಗಳ ಮೇಲೆ ಕಂದು ಚುಕ್ಕೆ. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಎಲೆ ಸುಟ್ಟ ಹಾಗಾಯಿತು. ಅಲ್ಲಿಂದ ತೊಟ್ಟಿಗೆ, ತೊಟ್ಟಿನಿಂದ ಕಾಂಡಕ್ಕೆ ಕಪ್ಪು ಇಳಿಯಿತು. ಕುಡಿ ಸತ್ತಿತು. ಎಳೆಯದರಲ್ಲೇ ತಗುಲಿಸಿಕೊಂಡ ಗಿಡಗಳು ಬುಡಸಮೇತ ಸತ್ತವು. ಉಳಿದುಕೊಂಡವನ್ನು ಕಿತ್ತು ನೋಡಿದರೆ ಕಾಯಿಯ ಸಿಪ್ಪೆಯ ಮೇಲೂ ಕಪ್ಪು ಮಚ್ಚೆ.

ಲೆಕ್ಕ ಹಾಕಿದಾಗ ರೋಗ ಹರಡಿದ್ದು ಸುಮಾರು 2,25,000 ಹೆಕ್ಟೇರಿನಲ್ಲಿ, ಎಂದರೆ ಐದೂವರೆ ಲಕ್ಷ ಎಕರೆ. ನಷ್ಟ 300 ಕೋಟಿ ರೂಪಾಯಿ ಮೀರಿತ್ತು. ಒಂದೇ ಜಿಲ್ಲೆ, ಒಂದೇ ಹಂಗಾಮು.

ಜಿಲ್ಲೆಯ ಬಗ್ಗೆ ಎರಡು ಮಾತು ಹೇಳಲೇಬೇಕು. 1882ರಲ್ಲಿ ಬಳ್ಳಾರಿಯಿಂದ ಬಿಡಿಸಿ ಮಾಡಿದ ಜಿಲ್ಲೆ ಅನಂತಪುರ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಬಂತು, ಅನಂತಪುರ ಅತ್ತ ಉಳಿಯಿತು, ರಾಯದುರ್ಗವೂ ಅದಕ್ಕೆ ಸೇರಿತು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗದ ಸುತ್ತಿನ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಇಂದಿಗೂ ಇವೆ. ಹಿಂದೂಪುರದ ಮಗ್ಗುಲಿನ ಲೇಪಾಕ್ಷಿ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ನಾವು ಕಡಲೆಕಾಯಿ ಎಂದರೆ ಅಲ್ಲಿ ಶನಕ್ಕಾಯ ಎನ್ನುತ್ತಾರೆ, ಬಹಳ ಮಂದಿ ಎರಡನ್ನೂ ಎನ್ನುತ್ತಾರೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಮತ್ತೆ ಒಡೆಯಿತು: ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ನಮ್ಮ ಕಥೆ ನಡೆದಾಗ ಎರಡೂ ಒಂದೇ ಜಿಲ್ಲೆಯ ಊರುಗಳು, ಎರಡರ ಸುತ್ತಲೂ ಮಳೆಯಾಶ್ರಿತ ಕಡಲೆಕಾಯಿ. ಜಿಲ್ಲೆಯಲ್ಲಿ ಆಗ 7 ಲಕ್ಷ ಹೆಕ್ಟೇರಿಗೂ ಮೇಲ್ಪಟ್ಟು ಇದೊಂದೇ ಬೆಳೆ, ಅದರಲ್ಲೂ ಬಹುಪಾಲು ಒಂದೇ ತಳಿ. ತಿಂಡಿವನಂನಿಂದ 1940ರಲ್ಲಿ ಬಂದ ಟಿಎಂವಿ-2 ಅರವತ್ತು ವರ್ಷವಾದರೂ ಆ ಕೆಂಪು ನೆಲ ಬಿಟ್ಟು ಹೋಗಿರಲಿಲ್ಲ. ಒಂದು ಗಿಡಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕೆ?

ಮೊದಲಿಗೆ ಇದನ್ನು ಕುಡಿ ಸಾಯುವ ರೋಗವೆಂದೇ ಬಗೆದರು. ತಪ್ಪೆನ್ನಲಾಗದು. ಕಡಲೆಕಾಯಿಯ ಕುಡಿ ಸಾಯಿಸುವ ನಂಜಾಣುವೊಂದು ಹಿಂದಿನಿಂದಲೂ ಈ ಸೀಮೆಯಲ್ಲಿತ್ತು, ಥ್ರಿಪ್ಸ್ ನುಸಿಯಿಂದ ಹರಡುತ್ತಿತ್ತು. ಸತ್ತ ಕುಡಿ ಕಂಡ ಕೂಡಲೇ ಗೊತ್ತಿದ್ದ ಹೆಸರು ನಾಲಿಗೆಗೆ ಬರುವುದು ಸಹಜ. ವಿಚಿತ್ರವೆಂದರೆ ಆ ಹಳೆಯ ರೋಗವೂ ಒಂದು ಕಾಲದಲ್ಲಿ ಪರರ ಹೆಸರಿನಲ್ಲೇ ಬದುಕಿತ್ತು. ಟೊಮ್ಯಾಟೊ ಗಿಡದ ಒಂದು ನಂಜು ಎಂದು ವರ್ಷಗಟ್ಟಲೆ ಕರೆಸಿಕೊಂಡು, 1992ರಲ್ಲಷ್ಟೇ ತನ್ನದೇ ಹೆಸರು ಪಡೆದಿತ್ತು. ಹೊಲದಲ್ಲಿ ಕಾಣುವ ಮುಖ ನೋಡಿ ನಂಜಾಣುವಿನ ಮನೆತನ ಹೇಳುವುದು ಇಷ್ಟರಮಟ್ಟಿನ ಕೆಲಸ.

ಹಳೆಯ ರೋಗ ಬಲ್ಲವರಿಗೆ ಒಂದೆರಡು ಕಡೆ ಅನುಮಾನ ಬಂತು. ಕುಡಿ ಸಾಯುವ ರೋಗದಲ್ಲಿ ಗಿಡ ಕುಳ್ಳಗಾಗಿ, ಸಂದುಗಳಿಂದ ಗಿಡ್ಡ ಗಿಡ್ಡ ಚಿಗುರು ಗುಂಪಾಗಿ ಒಡೆಯುತ್ತದೆ, ಎಲೆಯ ಮೇಲೆ ಬಳೆಯಂಥ ಗುರುತು ಮೂಡುತ್ತದೆ. ಇಲ್ಲಿ ಗುಂಪು ಚಿಗುರಿಲ್ಲ, ಬಳೆಯಿಲ್ಲ, ಕಾಂಡವೇ ಕಪ್ಪಾಗುತ್ತಿದೆ. ಹಳೆಯ ನಂಜಾಣುವಿನ ವಿರುದ್ಧ ತಯಾರಿಸಿಟ್ಟಿದ್ದ ಪ್ರತಿಕಾಯದ ದ್ರಾವಣ ಹಾಕಿ ನೋಡಿದರೆ ಗಿಡದ ರಸ ಮಿಸುಕಲೇ ಇಲ್ಲ.

ಇಷ್ಟರಲ್ಲಿ ಗಡಿಯ ಈಚೆಗೊಂದು ಹಳೆಯ ಸುದ್ದಿ ಬಿದ್ದಿತ್ತು. ಮೂರು ವರ್ಷದ ಹಿಂದೆ, 1997ರಲ್ಲಿ, ಅಂದು ಕೋಲಾರ ಜಿಲ್ಲೆಯಲ್ಲಿದ್ದ ಬಾಗೇಪಲ್ಲಿಯ ಸೂರ್ಯಕಾಂತಿ ಹೊಲಗಳಲ್ಲಿ ಎಲೆ ಸುಟ್ಟಂತಾಗಿ, ತೊಟ್ಟು ಕಾಂಡ ಕಪ್ಪಾಗಿ, ಹೂವು ಸೊಟ್ಟಗೆ ತಿರುಚಿಕೊಳ್ಳುವ ರೋಗ ಕಾಣಿಸಿಕೊಂಡಿತ್ತು. ಅಲ್ಲಿಂದಾಚೆಗೆ ಅದು ದಕ್ಷಿಣದ ಸೂರ್ಯಕಾಂತಿ ಸೀಮೆಗಳಿಗೆ ಹಬ್ಬಿತು. ಬಾಗೇಪಲ್ಲಿ ದಾಟಿದರೆ ಕೊಡಿಕೊಂಡ ಚೆಕ್‌ಪೋಸ್ಟ್, ಅಲ್ಲಿಂದ ಲೇಪಾಕ್ಷಿ, ಹಿಂದೂಪುರ. ಆದರೂ ಸೂರ್ಯಕಾಂತಿಯದು ಒಂದು ರೋಗ, ಕಡಲೆಕಾಯಿಯದು ಇನ್ನೊಂದು ರೋಗ ಎಂದು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಬೆಳೆಯ ತಜ್ಞರು ಇನ್ನೊಂದು ಬೆಳೆಯ ಹೊಲಕ್ಕೆ ಇಳಿಯುವುದು ಅಪರೂಪ. ಒಂದು ರಾಜ್ಯದ ಇಲಾಖೆ ಇನ್ನೊಂದು ರಾಜ್ಯದ ಹೊಲಕ್ಕೆ ಇಳಿಯುವುದು ಇನ್ನೂ ಅಪರೂಪ.

ಕಪ್ಪಾದ ಗಿಡಗಳು ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿಗೆ ಹೋದವು. ಅಲ್ಲಿ 1972ರಿಂದ ಇರುವ ಅಂತಾರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್‌ಗೆ ಕಡಲೆಕಾಯಿ ಮುಖ್ಯ ಬೆಳೆಗಳಲ್ಲೊಂದು. ಡಿ.ವಿ.ಆರ್. ರೆಡ್ಡಿ, ಎ.ಎಸ್. ರೆಡ್ಡಿ, ಪ್ರಸಾದ ರಾವ್ ಮೊದಲಾದವರ ತಂಡ ಕೈಹಾಕಿತು, ಸ್ಕಾಟ್ಲೆಂಡಿನಿಂದ ಎಂ.ಎ. ಮೇಯೊ ಜೊತೆಯಾದರು. ನಂಜಾಣು ಶಾಸ್ತ್ರದ ಮೊದಲ ಪರೀಕ್ಷೆಗೆ ಯಂತ್ರವೇನೂ ಬೇಡ, ಅಡುಗೆಮನೆಯ ಕೆಲಸದಂತೆಯೇ ಇರುತ್ತದೆ. ರೋಗದ ಎಲೆಯನ್ನು ತಣ್ಣನೆಯ ಒರಳಿನಲ್ಲಿ ಅರೆದು ರಸ ತೆಗೆಯುತ್ತಾರೆ. ಆರೋಗ್ಯವಾಗಿರುವ ಅಲಸಂದೆ ಗಿಡದ ಎಲೆಯ ಮೇಲೆ ನುಣ್ಣಗಿನ ಉಜ್ಜುಪುಡಿ ಉದುರಿಸಿ, ಆ ರಸವನ್ನು ಬೆರಳಿನಿಂದ ಹಗುರವಾಗಿ ಸವರುತ್ತಾರೆ. ಪುಡಿ ಎಲೆಯ ಮೇಲೆ ಕಣ್ಣಿಗೆ ಕಾಣದ ಗೀರು ಮಾಡುತ್ತದೆ, ನಂಜಾಣು ಆ ಗೀರಿನೊಳಗೆ ನುಸುಳುತ್ತದೆ. ಕೆಲವು ದಿನ ಕಾದರೆ ಸವರಿದ ಎಲೆಯ ಮೇಲೆ ಸತ್ತ ಚುಕ್ಕೆಗಳು. ಸಿ-152 ಎಂಬ ಅಲಸಂದೆ ತಳಿ ಈ ಕೆಲಸಕ್ಕೆ ಹೇಳಿಮಾಡಿಸಿದ್ದು.

ಚುಕ್ಕೆ ಬಿತ್ತು. ನಂಜಾಣು ಇದೆ ಎಂದಾಯಿತು, ಯಾವುದೆಂದು ಆಗಲಿಲ್ಲ. ಶುದ್ಧಮಾಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು: ಗುಂಡನೆಯ ಕಣಗಳು, ಗಾತ್ರ ಮಾತ್ರ ಒಂದರಂತೆ ಒಂದಿಲ್ಲ. ಹೊದಿಕೆಯಲ್ಲಿ ಒಂದೇ ಬಗೆಯ ಪ್ರೋಟೀನು, ತೂಕ ಸುಮಾರು 28 ಸಾವಿರ ಡಾಲ್ಟನ್. ಸೂರ್ಯಕಾಂತಿಯ ರೋಗದ ಬೆನ್ನುಹತ್ತಿದ್ದವರ ಬಾಯಲ್ಲಿ ಆ ವೇಳೆಗಾಗಲೇ ಟೊಬ್ಯಾಕೊ ಸ್ಟ್ರೀಕ್ ವೈರಸ್ ಎಂಬ ಹೆಸರು ಓಡಾಡುತ್ತಿತ್ತು. ಅದರ ಪ್ರತಿಕಾಯ ಹಾಕಿದಾಗ ಕಡಲೆಕಾಯಿಯ ರಸವೂ ಓಗೊಟ್ಟಿತು. ಆದರೆ ಪ್ರತಿಕಾಯದ ಸಾಕ್ಷಿ ಎಂದರೆ ದೂರದಿಂದ ನಡಿಗೆ ನೋಡಿ ಇಂಥವರ ಮನೆಯವನೇ ಇರಬೇಕು ಎಂದಂತೆ. ಮನೆತನ ಗಟ್ಟಿಮಾಡಲು ಅಕ್ಷರ ಓದಬೇಕಿತ್ತು. ನಂಜಾಣುವಿನ ಆರ್‌ಎನ್‌ಎಯಿಂದ ಹೊದಿಕೆ ಪ್ರೋಟೀನಿನ ಜೀನನ್ನು ನಕಲು ತೆಗೆದು ಓದಿದರು. 717 ಅಕ್ಷರ. ಮೂರು ಮೂರಾಗಿ ಬಿಡಿಸಿ, ಕೊನೆಯ ಮೂರನ್ನು ಪೂರ್ಣವಿರಾಮವೆಂದು ಬಿಟ್ಟರೆ 238 ಅಮೈನೋ ಆಮ್ಲಗಳ ಸರಪಳಿ.

ಅಕ್ಷರ ಕೈಗೆ ಸಿಕ್ಕಮೇಲೆ ಏನು ಮಾಡುತ್ತಾರೆ? ಇದಕ್ಕೆ ಉತ್ತರ ಹುಡುಕಲು ಅಮೆರಿಕದ ಮೇರಿಲ್ಯಾಂಡಿಗೆ ಹೋಗಬೇಕು, 1960ರ ದಶಕಕ್ಕೆ. ಇನ್ಸುಲಿನ್ನಿನ ಅಕ್ಷರಗಳನ್ನು ಫ್ರೆಡ್ ಸ್ಯಾಂಗರ್ ಇಂಗ್ಲೆಂಡಿನಲ್ಲಿ ಓದಿ ಹತ್ತು ವರ್ಷವಾಗಿತ್ತು. ಅಲ್ಲೊಂದು ಇಲ್ಲೊಂದು ಪ್ರೋಟೀನಿನ ಸರಪಳಿ ಪ್ರಕಟವಾಗುತ್ತಿತ್ತು, ಪತ್ರಿಕೆಗಳಲ್ಲಿ ಚದುರಿಹೋಗುತ್ತಿತ್ತು. ಮಾರ್ಗರೆಟ್ ಡೇಹಾಫ್ ಎಂಬ ರಸಾಯನ ವಿಜ್ಞಾನಿ ಅವನ್ನೆಲ್ಲ ಒಂದೆಡೆ ಕೂಡಿಹಾಕಿ 1965ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿದ್ದುದು 65 ಪ್ರೋಟೀನು. ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದೇ ಅಕ್ಷರ ಎಂಬ ಈಗಿನ ರೂಢಿಯೂ ಅವರದೇ. ಕಂಪ್ಯೂಟರಿನ ಕಾರ್ಡಿನಲ್ಲಿ ಜಾಗ ಉಳಿಯಬೇಕಲ್ಲ!

ಡೇಹಾಫ್ ಮಾಡಿದ ದೊಡ್ಡ ಕೆಲಸ ಪಟ್ಟಿ ಕಟ್ಟಿದ್ದಕ್ಕಿಂತ ಮುಂದಿನದು. ಅದು ಗಡಿಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ಹಳಗನ್ನಡದ ಪಾಲ್ ಇಂದು ಹಾಲು, ಪುಲಿ ಇಂದು ಹುಲಿ, ಪಳ್ಳಿ ಇಂದು ಹಳ್ಳಿ. ತೆಲುಗಿನಲ್ಲಿ ಪಾಲು, ಪುಲಿ, ಪಲ್ಲೆ ಹಾಗೇ ಉಳಿದವು. ಕರ್ನಾಟಕದೊಳಗಿದ್ದೂ ಬಾಗೇಪಲ್ಲಿ ಪಲ್ಲಿಯಾಗಿಯೇ ಇದೆ. ಇದನ್ನು ಬಲ್ಲವರು ಎರಡು ಪದಗಳನ್ನು ಒಂದರ ಕೆಳಗೊಂದು ಬರೆದು ನೋಡುವಾಗ ಪ ಇದ್ದ ಕಡೆ ಹ ಬಂದರೆ ಅದನ್ನು ವ್ಯತ್ಯಾಸವೆಂದು ಎಣಿಸುವುದೇ ಇಲ್ಲ. ನೆಂಟಸ್ತಿಕೆಯ ಗುರುತೆಂದೇ ಹಿಡಿಯುತ್ತಾರೆ. ಪ ಇದ್ದ ಕಡೆ ಟ ಬಂದರೆ ಮಾತ್ರ ಹುಬ್ಬೇರುತ್ತದೆ. ಇನ್ನೊಂದು ಕಡೆ ಹಾಲು, ಹಾಳು ಎರಡೂ ಬಹಳ ಹತ್ತಿರ ಕಾಣುತ್ತವೆ, ಸಂಬಂಧ ಮಾತ್ರ ಇಲ್ಲ. ಯಾವ ಬದಲಾವಣೆ ಸಲೀಸು, ಯಾವುದು ದುಬಾರಿ, ಎಷ್ಟು ಹೋಲಿಕೆ ಬರೀ ಆಕಸ್ಮಿಕ: ಇವು ಮೂರು ಗೊತ್ತಿಲ್ಲದೆ ಪದಗಳ ನೆಂಟಸ್ತಿಕೆ ಹೇಳಲಾಗದು. ಪ್ರೋಟೀನುಗಳದೂ ಅದೇ ಪಾಡು.

ಡೇಹಾಫ್ ತಂಡ ನಿಜವಾಗಿ ನೆಂಟರೆಂದು ಗೊತ್ತಿದ್ದ 71 ಗುಂಪುಗಳ ಪ್ರೋಟೀನುಗಳನ್ನು ಒಂದರ ಕೆಳಗೊಂದು ಜೋಡಿಸಿ, ಯಾವ ಅಮೈನೋ ಆಮ್ಲದ ಜಾಗಕ್ಕೆ ಯಾವುದು ಎಷ್ಟು ಸಲ ಬಂದಿದೆ ಎಂದು ಕೂತು ಎಣಿಸಿತು. ಒಟ್ಟು 1,572 ಬದಲಾವಣೆ. ಆ ಎಣಿಕೆಯಿಂದ 1978ರಲ್ಲಿ ಹೊರಬಂದ ಕೋಷ್ಟಕದಲ್ಲಿ ಲ್ಯೂಸಿನ್ ಜಾಗಕ್ಕೆ ಐಸೊಲ್ಯೂಸಿನ್ ಬಂದರೆ ಪ-ಹ ಬದಲಾವಣೆಯಂತೆ ಸಲೀಸು. ಟ್ರಿಪ್ಟೊಫಾನ್ ಜಾಗ ಬಿಟ್ಟು ಕದಲಿದರೆ ದೊಡ್ಡ ದಂಡ. ಸರಪಳಿಗಳನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಸಂದು ಬಿಡಬೇಕು ಎಂಬ ಲೆಕ್ಕವನ್ನು ನೀಡಲ್‌ಮನ್ ಮತ್ತು ವುನ್ಶ್ 1970ರಲ್ಲೇ ಕೊಟ್ಟಿದ್ದರು. 1990ರಲ್ಲಿ ಬಂದ ಬ್ಲಾಸ್ಟ್ ಎಂಬ ತಂತ್ರಾಂಶ ಇಡೀ ಭಂಡಾರವನ್ನು ಕ್ಷಣಗಳಲ್ಲಿ ಜಾಲಾಡಿ, ಸಿಕ್ಕ ಪ್ರತಿ ಹೋಲಿಕೆಯ ಪಕ್ಕ ಅದು ಹಾಲು-ಹಾಳಿನಂಥ ಆಕಸ್ಮಿಕವಾಗಿರುವ ಸಾಧ್ಯತೆ ಎಷ್ಟೆಂದೂ ಬರೆದುಕೊಡತೊಡಗಿತು.

ಅನಂತಪುರದ ನಂಜಾಣುವಿನ 238 ಅಕ್ಷರಗಳಿಗೆ ಜೊತೆಗಿಟ್ಟು ನೋಡಲು ಒಂದು ಹಳೆಯ ಪ್ರತಿ ಸಿದ್ಧವಾಗಿತ್ತು. ಹಾಲೆಂಡಿನ ಲೈಡನ್ನಿನಲ್ಲಿ ಕಾರ್ನೆಲಿಸೆನ್, ಬೋಲ್ ಮತ್ತವರ ಜೊತೆಗಾರರು 1984ರಲ್ಲಿ ಟೊಬ್ಯಾಕೊ ಸ್ಟ್ರೀಕ್ ವೈರಸ್‌ನ ಮೂರನೇ ಆರ್‌ಎನ್‌ಎಯನ್ನು ಕೊನೆಯತನಕ ಓದಿಟ್ಟಿದ್ದರು. ಕ್ಲೋವರ್ ಎಂಬ ಮೇವಿನ ಗಿಡದಿಂದ ತೆಗೆದ ನಂಜಾಣು ಅದು. ಅನಂತಪುರದ ರೈತನ ಹೆಸರು ಕೇಳದವರು ಹದಿನಾರು ವರ್ಷ ಮೊದಲೇ ಅವನ ಹೊಲದ ಪ್ರಶ್ನೆಗೆ ಉತ್ತರದ ಅರ್ಧ ಬರೆದಿಟ್ಟಿದ್ದರು. ಅದರ ಪಕ್ಕದಲ್ಲಿಟ್ಟರೆ ಅನುಮಾನ ಉಳಿಯಲಿಲ್ಲ. ಹೊದಿಕೆ ಪ್ರೋಟೀನಿನ ತಲೆಭಾಗದಲ್ಲಿ ಸತುವಿನ ಅಯಾನನ್ನು ಹಿಡಿಯುವ ಸಿಸ್ಟೀನ್, ಹಿಸ್ಟಿಡಿನ್‌ಗಳ ಒಂದು ಜೋಡಣೆಯಿದೆ. ಈ ನಂಜಾಣುವಿನಲ್ಲಿ ಅದನ್ನು 1989ರಲ್ಲೇ ಗುರುತಿಸಿದ್ದರು. ಇಲಾರ್‌ವೈರಸ್ ಎಂಬ ಕುಲದಲ್ಲಿ ಮತ್ತೆ ಮತ್ತೆ ಕಾಣುವ ಮನೆತನದ ಮಚ್ಚೆ ಅದು. ಇತ್ತ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಸೂರ್ಯಕಾಂತಿಯ ನಂಜಾಣುವಿನ ಹೊದಿಕೆ ಪ್ರೋಟೀನನ್ನು ಓದಿ ಅದೇ ಕುಲಕ್ಕೆ ತಲುಪಿದರು. ಎರಡೂ ತಂಡಗಳ ಲೇಖನಗಳು ಅಚ್ಚಾದದ್ದು 2002ರಲ್ಲಿ. ಬಾಗೇಪಲ್ಲಿಯ ಸೂರ್ಯಕಾಂತಿಯನ್ನು ಸುಟ್ಟದ್ದು, ಅನಂತಪುರದ ಕಡಲೆಕಾಯಿಯನ್ನು ಸುಟ್ಟದ್ದು ಒಂದೇ ನಂಜು.

ಹೆಸರಿನಲ್ಲೇನಿದೆ ಎನ್ನುವವರು ಈ ಕಥೆಯ ಮುಂದಿನ ಭಾಗ ಕೇಳಬೇಕು. ಕುಡಿ ಸಾಯುವ ರೋಗದ ನಂಜಾಣು ಥ್ರಿಪ್ಸ್‌ನ ಮೈಯೊಳಗೆ ಹೊಕ್ಕು, ಅಲ್ಲೇ ಬೆಳೆದು, ಹುಳು ಬದುಕಿರುವಷ್ಟು ದಿನ ಜೊತೆಗಿರುತ್ತದೆ. ಇಲಾರ್‌ವೈರಸ್ ಕುಲದವು ಹಾಗಲ್ಲ. ಅವಕ್ಕೆ ಹುಳುವಿನ ಹೊಟ್ಟೆ ಬೇಡ, ಪರಾಗವೇ ವಾಹನ. ಕುಲ ತಿಳಿದ ಮೇಲೆ ಹುಡುಕಬೇಕಾದ್ದು ಗೊತ್ತಾಯಿತು: ಯಾವ ಹೂವಿನ ಪರಾಗ?

ಪುಣೆಯಲ್ಲಿ 1955ರಲ್ಲಿ ಮೊದಲು ಕಣ್ಣಿಗೆ ಬಿದ್ದು, ಆಮೇಲೆ ದೇಶದ ರಸ್ತೆಬದಿಯನ್ನೆಲ್ಲ ಆವರಿಸಿದ ಪಾರ್ಥೇನಿಯಂ ಅದು. ನಮ್ಮಲ್ಲಿ ಕಾಂಗ್ರೆಸ್ ಗಿಡ. ಆಚೆಯ ತೆಲುಗರು ಇಟ್ಟ ಹೆಸರು ಇನ್ನೂ ಸೊಗಸು, ವಯ್ಯಾರಿ ಭಾಮ. ಈ ವಯ್ಯಾರಿ ನಂಜಾಣುವನ್ನು ಒಡಲಲ್ಲಿ ಹೊತ್ತಿರುತ್ತದೆ, ತಾನು ಮಾತ್ರ ಒಂದು ಚುಕ್ಕೆ ಬೀಳದೆ ಹಸಿರಾಗಿ ನಿಂತಿರುತ್ತದೆ. ಮೊದಲ ಮಳೆಗೇ ಎದ್ದು, ಬಿತ್ತಿದ ಪೈರಿಗಿಂತ ಮುಂಚೆ ಬಿಳಿ ಹೂ ಬಿಡುತ್ತದೆ. ಹೂವಿನೊಳಗೆ ಥ್ರಿಪ್ಸ್ ಓಡಾಡಿ ಮೈಗೆಲ್ಲ ಪರಾಗ ಮೆತ್ತಿಕೊಳ್ಳುತ್ತವೆ. ಗಾಳಿಯಲ್ಲೂ ಒಂದಿಷ್ಟು ಹಾರಿಬಂದು ಕಡಲೆಕಾಯಿಯ ಎಳೆ ಎಲೆಯ ಮೇಲೆ ಬೀಳುತ್ತದೆ. ಥ್ರಿಪ್ಸ್ ಎಲೆಯನ್ನು ಕೆರೆದು ರಸ ಹೀರುವಾಗ ಬೀಳುವ ಗಾಯದಲ್ಲಿ ಪರಾಗದೊಳಗಿನ ನಂಜು ಇಳಿಯುತ್ತದೆ. ಪಟಾನ್‌ಚೆರುವಿನಲ್ಲಿ ಉಜ್ಜುಪುಡಿ ಸವರಿ ಬೆರಳಿನಿಂದ ಮಾಡಿದ ಕೆಲಸವನ್ನೇ ಹೊಲದಲ್ಲಿ ನುಸಿ ಮಾಡುತ್ತಿತ್ತು.

ನಿಂತು ಯೋಚಿಸಿದರೆ ನಗು ಬರುತ್ತದೆ. ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ಸೂರ್ಯಕಾಂತಿ ಉತ್ತರ ಅಮೆರಿಕದ್ದು. ಪಾರ್ಥೇನಿಯಂ ಕೂಡ ಅಮೆರಿಕ ಖಂಡದಿಂದಲೇ ಬಂದ ಕಳೆ. ನಂಜಾಣುವನ್ನು ಮೊದಲು ತಂಬಾಕಿನಲ್ಲಿ ಗುರುತಿಸಿ 1936ರಲ್ಲಿ ವರ್ಣಿಸಿದವರು ಅಮೆರಿಕದ ವಿಸ್ಕಾನ್ಸಿನ್ನಿನ ಜೇಮ್ಸ್ ಜಾನ್ಸನ್. ಅಲ್ಲಿಂದ ಹೊರಟವರೆಲ್ಲ ಬಂದು ಕೂಡಿದ್ದು ರಾಯಲಸೀಮೆಯ ಬದುವಿನ ಮೇಲೆ.

ಪರಿಹಾರ ಸರಳವಾಗಿಯೇ ಬಂತು. ಕಡಲೆಕಾಯಿಯ ಬೀಜದ ಮೂಲಕ ಈ ನಂಜು ದಾಟುವುದಿಲ್ಲ ಎಂಬುದು ಪರೀಕ್ಷೆಗಳಿಂದ ಖಚಿತವಾಯಿತು. ರೈತನ ಮನೆಯ ಬಿತ್ತನೆ ಬೀಜದ ಮೇಲಿನ ಅನುಮಾನ ಹೋಯಿತು. ರೋಗದ ಕಡಲೆಕಾಯಿ ಗಿಡ ಕಿತ್ತು ಪ್ರಯೋಜನವೂ ಕಡಿಮೆ, ಏಕೆಂದರೆ ನಂಜು ಬರುವುದು ಹೊರಗಿನಿಂದ. ಬದುವಿನ, ರಸ್ತೆಬದಿಯ, ಬೀಳುಬಿಟ್ಟ ಹೊಲದ ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೀಳಬೇಕು. ಹೊಲದ ಸುತ್ತ ಜೋಳವನ್ನೋ ಸಜ್ಜೆಯನ್ನೋ ಒತ್ತಾಗಿ ನಾಲ್ಕು ಸಾಲು ಬಿತ್ತಿದರೆ ಗಾಳಿ ತರುವ ಪರಾಗಕ್ಕೂ ನುಸಿಗೂ ಬೇಲಿಯಾಗುತ್ತದೆ. ಬೀಜೋಪಚಾರ ಮಾಡಿದರೆ ಎಳೆ ಪೈರಿನ ಮೇಲೆ ಥ್ರಿಪ್ಸ್ ಕಡಿಮೆ. ನನ್ನ ಮಟ್ಟಿಗೆ 238 ಅಕ್ಷರ ಓದಿದ್ದರ ಬೆಲೆ ಇಲ್ಲಿದೆ. 2000ದ ಬೆಳೆಯನ್ನು ಅದು ಉಳಿಸಲಿಲ್ಲ, ಉಳಿಸುವ ಹಾಗೂ ಇರಲಿಲ್ಲ. ಮುಂದಿನ ವರ್ಷ ಕುಡುಗೋಲು ಹಿಡಿದು ಹೊಲದೊಳಗೆ ನಿಲ್ಲಬೇಕೋ ಬದುವಿನ ಮೇಲೆ ನಿಲ್ಲಬೇಕೋ ಎಂಬುದನ್ನು ಹೇಳಿತು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಲೈಡನ್ನಿನವರು ಒಂದು ಒಗಟನ್ನು ಬಿಡಿಸದೆ ಬಿಟ್ಟಿದ್ದರು. ಕುದುರೆ ಮಸಾಲೆ ಸೊಪ್ಪಿಗೆ ತಗುಲುವ ಆಲ್ಫಾಲ್ಫಾ ಮೊಸಾಯಿಕ್ ಎಂಬ ಇನ್ನೊಂದು ನಂಜಾಣುವಿದೆ. ಅದಕ್ಕೂ ಟೊಬ್ಯಾಕೊ ಸ್ಟ್ರೀಕ್‌ಗೂ ಒಂದು ವಿಚಿತ್ರ ಸ್ವಭಾವ. ಬಹಳಷ್ಟು ನಂಜಾಣುಗಳ ಬರಿಯ ಆರ್‌ಎನ್‌ಎಯನ್ನು ಗಿಡಕ್ಕೆ ಸವರಿದರೂ ರೋಗ ಬರುತ್ತದೆ. ಇವುಗಳ ಆರ್‌ಎನ್‌ಎ ಮಾತ್ರ ಜೊತೆಗೆ ಒಂದಿಷ್ಟು ಹೊದಿಕೆ ಪ್ರೋಟೀನು ಇಲ್ಲದಿದ್ದರೆ ಕೆಲಸವನ್ನೇ ಶುರುಮಾಡುವುದಿಲ್ಲ. ಒಂದರ ಆರ್‌ಎನ್‌ಎಗೆ ಇನ್ನೊಂದರ ಪ್ರೋಟೀನು ಕೊಟ್ಟರೂ ಸಾಕು, ಹೊರಡುತ್ತದೆ. ಇದು 1975ರಲ್ಲೇ ತಿಳಿದಿತ್ತು. ಹಾಗಾದರೆ ಇವು ಹತ್ತಿರದ ನೆಂಟರಿರಬೇಕಲ್ಲ? 1984ರಲ್ಲಿ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಲೈಡನ್ನಿನವರಿಗೆ ಹೊದಿಕೆ ಪ್ರೋಟೀನುಗಳ ನಡುವೆ ಹೇಳಿಕೊಳ್ಳುವಂಥ ಹೋಲಿಕೆಯೇ ಕಾಣಲಿಲ್ಲ. ಒಂದರ ಬೀಗಕ್ಕೆ ಇನ್ನೊಂದರ ಕೀಲಿಕೈ ಹಿಡಿಯುತ್ತದೆ, ಕೀಲಿಕೈಗಳು ಮಾತ್ರ ಒಂದರಂತೆ ಒಂದಿಲ್ಲ!

ಎರಡೆರಡೇ ಸರಪಳಿ ಹೋಲಿಸುವ ಪದ್ಧತಿಗೆ ಇಂಥ ದೂರದ ನೆಂಟಸ್ತಿಕೆ ಕಾಣುವುದಿಲ್ಲ. ಇಡೀ ಕುಟುಂಬವನ್ನು ಒಟ್ಟಿಗೆ ಕೂರಿಸಿ, ಪ್ರತಿಯೊಂದು ಜಾಗದಲ್ಲಿ ಏನು ಬರಬಹುದು, ಏನು ಬರಬಾರದು ಎಂಬ ಒಂದು ಅಂದಾಜು ಮುಖವನ್ನು ಬರೆಯಬೇಕು. ಮಾತನ್ನು ಗುರುತಿಸುವ ಯಂತ್ರಗಳಿಗಾಗಿ ಬೆಳೆದಿದ್ದ ಹಿಡನ್ ಮಾರ್ಕೋವ್ ಮಾಡೆಲ್ ಎಂಬ ಗಣಿತವನ್ನು 1994ರಲ್ಲಿ ಕ್ಯಾಲಿಫೋರ್ನಿಯಾದ ಕ್ರೋಗ್, ಹೌಸ್ಲರ್ ಮತ್ತಿತರರು ಪ್ರೋಟೀನಿಗೆ ತಿರುಗಿಸಿದರು. 1997ರಲ್ಲಿ 175 ಕುಟುಂಬಗಳೊಂದಿಗೆ ಪಿಫ್ಯಾಮ್ ಭಂಡಾರ ಶುರುವಾಯಿತು, ಬಾಗೇಪಲ್ಲಿಯ ಸೂರ್ಯಕಾಂತಿ ಸುಟ್ಟುಹೋದ ಅದೇ ವರ್ಷ. ಬೆಂಗಳೂರಿನಲ್ಲೂ ಈ ವಿದ್ಯೆಗೆ ನೆಲೆಯಿತ್ತು. ಜಿ.ಎನ್. ರಾಮಚಂದ್ರನ್ 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಮಾಲಿಕ್ಯುಲರ್ ಬಯೊಫಿಸಿಕ್ಸ್ ವಿಭಾಗದಲ್ಲಿ ಎನ್. ಶ್ರೀನಿವಾಸನ್ ಪ್ರೋಟೀನು ಕುಟುಂಬಗಳ ರಚನೆಗಳನ್ನು ಜೋಡಿಸಿ ಪಾಲಿ ಎಂಬ ಭಂಡಾರ ಮಾಡಿದರು. 2021ರಲ್ಲಿ ತೀರಿಕೊಳ್ಳುವವರೆಗೂ ಅವರು ಮಾಡಿದ್ದು ಈ ನೆಂಟಸ್ತಿಕೆಯ ಲೆಕ್ಕವನ್ನೇ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವ ವಿಜ್ಞಾನಗಳ ಕೇಂದ್ರದಲ್ಲಿ ಆರ್. ಸೌಧಾಮಿನಿ, ಅಕ್ಷರದಲ್ಲಿ ಹೋಲದೆಯೂ ಮಡಿಕೆಯಲ್ಲಿ ಹೋಲುವ ದೂರದ ನೆಂಟರನ್ನು ಪಾಸ್2 ಎಂಬ ಭಂಡಾರದಲ್ಲಿ ಕೂಡಿಸಿದರು.

ಲೈಡನ್ನಿನ ಒಗಟಿಗೆ ಉತ್ತರ ಬಂದದ್ದೂ ಹಿಂದೂಪುರದಿಂದ ರೈಲಿನಲ್ಲಿ ಬೆಳಗ್ಗೆ ಹತ್ತಿದರೆ ಮಧ್ಯಾಹ್ನದೊಳಗೆ ತಲುಪಬಹುದಾದ ಬೆಂಗಳೂರಿನಿಂದಲೇ. ಎಂ.ಆರ್.ಎನ್. ಮೂರ್ತಿ ಮತ್ತು ಎಚ್.ಎಸ್. ಸಾವಿತ್ರಿ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳಿಂದ ಗಿಡಗಳ ನಂಜಾಣುಗಳನ್ನೇ ಹಿಡಿದು ಕೂತವರು. ತಿರುಪತಿಯ ಹತ್ತಿರ ಅಗಸೆ ಗಿಡದಲ್ಲಿ ಸಿಕ್ಕ ಒಂದು ನಂಜಾಣುವಿನ ರಚನೆಯನ್ನು 1990ರ ದಶಕದಲ್ಲೇ ಬಿಡಿಸಿದ್ದರು. ಟೊಬ್ಯಾಕೊ ಸ್ಟ್ರೀಕ್ ಸುಲಭಕ್ಕೆ ಬಗ್ಗುವಂಥದಲ್ಲ. ಹರಳುಗಟ್ಟಬೇಕಾದರೆ ಕಣಗಳು ಒಂದೇ ಅಳತೆಯವಾಗಿರಬೇಕು, ಇಟ್ಟಿಗೆ ಒಂದೇ ಅಚ್ಚಿನದಾದರೆ ಗೋಡೆ ಏಳುವ ಹಾಗೆ. ಇದರ ಕಣಗಳೋ 27, 30, 33 ನ್ಯಾನೊಮೀಟರ್ ಎಂದು ಮೂರು ಅಳತೆ, ಅದೂ ಮುಟ್ಟಿದರೆ ಬಿಚ್ಚಿಕೊಳ್ಳುವಷ್ಟು ನಾಜೂಕು. ಹೀಗಾಗಿ ಪೂರ್ತಿ ಕಣದ ಆಸೆ ಬಿಟ್ಟು, ತುದಿ ಕತ್ತರಿಸಿದ ಹೊದಿಕೆ ಪ್ರೋಟೀನನ್ನು ಹರಳುಗಟ್ಟಿಸಿದರು. ಎರಡು ಬಗೆಯ ಹರಳು ಸಿಕ್ಕವು. 2016ರಲ್ಲಿ ರಚನೆ ಪ್ರಕಟವಾಯಿತು, ಇಲಾರ್‌ವೈರಸ್ ಕುಲದ ಹೊದಿಕೆ ಪ್ರೋಟೀನಿನ ಮೊಟ್ಟಮೊದಲ ರಚನೆ.

ಒಳಗೆ ಕಂಡದ್ದೇನು? ಸರಪಳಿ ಪಟ್ಟಿಪಟ್ಟಿಯಾಗಿ ಮಡಿಚಿಕೊಂಡು ಒಂದು ಪೀಪಾಯಿಯ ಆಕಾರ. ಗಿಡ, ಪ್ರಾಣಿ ಎನ್ನದೆ ಎಷ್ಟೋ ನಂಜಾಣುಗಳ ಹೊದಿಕೆಯಲ್ಲಿ ಕಾಣುವ ಮಡಿಕೆ ಅದೇ. ಎರಡು ಪ್ರೋಟೀನು ಜೋಡಿಯಾಗಿ ನಿಂತು, ಒಂದು ತನ್ನ ಬಾಲದ ತುದಿಯನ್ನು ಇನ್ನೊಂದರ ಮೈಗೆ ತೋಳಿನಂತೆ ಚಾಚಿತ್ತು, ಇನ್ನೊಂದು ಇದರ ಮೈಗೆ. ಆ ತೋಳಿನ ಕೀಲು ಸಡಿಲ. ಕಣಗಳು ಮೂರು ಅಳತೆಯಲ್ಲಿ ಬರುವುದಕ್ಕೆ ಅದೇ ಕಾರಣವಿರಬೇಕೆಂದು ಎಣಿಸಿ, ಕೀಲನ್ನು ಬಿಗಿ ಮಾಡುವ ಬದಲಾವಣೆ ತಂದು ನೋಡಿದರು. ಕಣಗಳು ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದವು. ಇನ್ನು ಆ ಒಗಟು. ಕಡಲೆಕಾಯಿಯ ಹಂತಕನಿಗೆ ಮಡಿಕೆಯಲ್ಲಿ ಹೋಲುತ್ತಿದ್ದುದು ಕುದುರೆ ಮಸಾಲೆಯ ನಂಜಾಣುವಿನ ಹೊದಿಕೆ. ಅಕ್ಷರಗಳು ಮರೆತಿದ್ದ ನೆಂಟಸ್ತಿಕೆಯನ್ನು ಆಕಾರ ಉಳಿಸಿಕೊಂಡಿತ್ತು.

ಈಗ ಕಾಲ ಬದಲಾಗಿದೆ. ಆಲ್ಫಾಫೋಲ್ಡ್ ಎಂಬ ತಂತ್ರಾಂಶ ಬರೀ ಅಕ್ಷರ ಕೊಟ್ಟರೆ ಆಕಾರ ಹೇಳುತ್ತದೆ. ಅದನ್ನು ಮಾಡಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್‌ಗೆ ಡೇವಿಡ್ ಬೇಕರ್ ಜೊತೆಯಲ್ಲಿ 2024ರ ರಸಾಯನ ವಿಜ್ಞಾನದ ನೊಬೆಲ್ ಬಂತು. ಅದೂ ಮೊದಲು ಮಾಡುವುದು ಡೇಹಾಫ್ ಮಾಡಿದ್ದನ್ನೇ, ನೆಂಟರನ್ನೆಲ್ಲ ಹುಡುಕಿ ಒಂದರ ಕೆಳಗೊಂದು ಕೂರಿಸುವುದು. 2022ರಲ್ಲಿ ಅದರ ಭಂಡಾರ 20 ಕೋಟಿ ಪ್ರೋಟೀನುಗಳಿಗೆ ಬೆಳೆದಾಗಲೂ ನಂಜಾಣುಗಳ ಪ್ರೋಟೀನುಗಳನ್ನು ಮಾತ್ರ ಅದರಲ್ಲಿ ಸೇರಿಸಿರಲಿಲ್ಲ. ಕಡಲೆಕಾಯಿ ಗಿಡದ ಪ್ರೋಟೀನುಗಳಿಗೆ ಅಲ್ಲಿ ಜಾಗ ಸಿಕ್ಕಿತ್ತು, ಅದನ್ನು ಕೊಂದದ್ದಕ್ಕೆ ಸಿಕ್ಕಿರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದು ಎರಡು ವಾರವಾದ ಮೇಲೆ ನಿಮ್ಮ ಹೊಲದ ಬದುವನ್ನೊಮ್ಮೆ ಸುತ್ತಿ ಬನ್ನಿ. ಕಾಂಗ್ರೆಸ್ ಗಿಡ ಕಂಡರೆ ಬಿಳಿ ಹೂವು ಬರುವ ಮೊದಲೇ ಬೇರುಸಮೇತ ಕಿತ್ತುಬಿಡಿ, ನಿಮ್ಮದೊಂದೇ ಅಲ್ಲ, ಪಕ್ಕದ ಬೀಳು ಹೊಲದ್ದೂ. ಬರಿಗೈಯಲ್ಲಿ ಮಾತ್ರ ಬೇಡ, ಮೈ ತುರಿಸುತ್ತದೆ. ಕೈಗೊಂದು ಚೀಲ ಕಟ್ಟಿಕೊಳ್ಳಿ.